ಮಲಿಕ ಅಂಬರನ ಜೀವಚರಿತ್ರೆ

ನಮ್ಮ ಅಂಕೋಲೆಯ ಬೆಳಂಬಾರದ ಕಡಲದಂಡೆಯಲ್ಲಿ ನಿಂತು ಪಡುವಣಕ್ಕೆ ಮೋರೆಮಾಡಿ ನೋಡಿದರೆ ನೀರಲ್ಲದೆ ಬೇರೇನೂ ಕಾಣಿಸದು. ಆದರೆ ಆ ನೀರಿನ ಆಚೆಯ ದಡದಲ್ಲಿ ಅರಬಸ್ಥಾನವೂ, ಅಲ್ಲಿಂದ ಕೆಂಪು ಸಮುದ್ರವನ್ನು ದಾಟಿದರೆ ಹಬಶಿ ದೇಶವೂ ಇರುವವೆಂಬದನ್ನು ಭೂಗೋಲದ ನಕಾಶೆಯನ್ನು ನೋಡಿದ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ನಾಲ್ಕುನೂರು ವರ್ಷಗಳಿಗೂ ಹಿಂದೆ ಈ ಕಡಲಿನ ಮೇಲೆ ಹಾಯಿ ಹಡಗುಗಳು ಮೆಣಸನ್ನೂ, ಹತ್ತಿಯ ಬಟ್ಟೆಯನ್ನೂ, ಕುದುರೆಗಳನ್ನೂ ಹೇರಿಕೊಂಡು ಓಡಾಡುತ್ತಿದ್ದವು. ಇವುಗಳೊಡನೆ ಮನುಷ್ಯರೂ ಸರಕಾಗಿ ಬರುತ್ತಿದ್ದರು. ಹಾಗೆ ಸರಕಾಗಿ ಬಂದವನೊಬ್ಬನು ದಕ್ಷಿಣ ದೇಶದಲ್ಲಿ ಒಂದು ರಾಜ್ಯವನ್ನು ಕಾಲು ಶತಮಾನದ ಕಾಲ ಎತ್ತಿ ಹಿಡಿದು, ದಿಲ್ಲಿಯ ಬಾದಶಹರಿಗೆ ನಿದ್ದೆಯಿಲ್ಲದಂತೆ ಮಾಡಿದನು. ಮಲಿಕ ಅಂಬರನೆಂದು ಹೆಸರಾದ ಆ ಪುರುಷನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಅಂಕೋಲೆಯಿಂದ ಮೂಡಣಕ್ಕೆ ಘಟ್ಟವನ್ನೇರಿ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡುಸೀಮೆಯನ್ನು ಹೊಕ್ಕವರು ಸಿದ್ದಿ ಜನರನ್ನು ಕಂಡೇ ಇರುವರು. ನಮ್ಮ ಅಂಕೋಲೆ ತಾಲೂಕಿನ ಘಟ್ಟದ ಮಗ್ಗುಲಿನಲ್ಲಿಯೂ ಅವರ ಮನೆಗಳುಂಟು. ಅವರು ಕನ್ನಡವನ್ನೂ ಕೊಂಕಣಿಯನ್ನೂ ನಮ್ಮಂತೆಯೇ ಆಡುವರು. ಅವರಲ್ಲಿ ಹಿಂದುಗಳೂ, ಮುಸಲ್ಮಾನರೂ, ಕ್ರೈಸ್ತರೂ ಇರುವರು. ಅವರ ಪೂರ್ವಿಕರಲ್ಲಿ ಬಹುಮಂದಿ ಆಫ್ರಿಕಾ ಖಂಡದಿಂದ ಪೋರ್ತುಗೀಜರ ಗೋವೆಗೆ ದಾಸರಾಗಿ ತರಲ್ಪಟ್ಟವರು. ಒಡೆಯರ ಹೊಡೆತವನ್ನು ತಾಳಲಾರದೆ ಓಡಿ ಬಂದೋ, ಬಿಡುಗಡೆ ಹೊಂದಿಯೋ, ಬೆನ್ನಟ್ಟುವವರ ಕಾಲು ಸೋಲುವ ಈ ಅಡವಿಗಳನ್ನು ಸೇರಿ ನೆಲೆನಿಂತರು. 2003ರಲ್ಲಿ ಭಾರತ ಸರಕಾರವು ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದವರೆಂದು ಎಣಿಸಿತು. ಹೀಗೆ ಅಡವಿಯನ್ನು ಸೇರಿದವರು ತಮ್ಮ ಕಥೆಯನ್ನು ಬರೆದಿಡಲಿಲ್ಲ. ಡಮಾಮಿಯ ಬಡಿತದಲ್ಲಿಯೂ ಕುಣಿತದಲ್ಲಿಯೂ ಅದನ್ನು ಉಳಿಸಿಕೊಂಡರು. ಅದೇ ಕಡಲಿನ ದಾರಿಯಿಂದ ಬಂದು ರಾಜರ ಬಖೈರುಗಳಲ್ಲಿ ಹೆಸರು ಬರೆಯಿಸಿಕೊಂಡವರು ಕೆಲವರೇ. ಅವರಲ್ಲಿ ಅಂಬರನು ಮೊದಲಿಗನು.

ದಾಸತ್ವವು ಹೊರಗಿನವರು ತಂದ ಪಾಪವೆಂದು ನಾವು ಸುಲಭವಾಗಿ ಹೇಳಿ ಬಿಡಬಾರದು. ನಮ್ಮ ಕನ್ನಡ ಜಿಲ್ಲೆಯಲ್ಲಿಯೇ ಹೊಲಗದ್ದೆಗಳೊಡನೆ ಆಳುಗಳನ್ನೂ ಮಾರುವ, ಒತ್ತೆಯಿಡುವ, ಬಾಡಿಗೆಗೆ ಕೊಡುವ ರೂಢಿಯಿತ್ತು. 1801ರಲ್ಲಿ ಈ ಸೀಮೆಯನ್ನು ಸಂಚರಿಸಿದ ಡಾಕ್ಟರ್ ಬುಕಾನನ್ನನು ಅದನ್ನು ಕಣ್ಣಾರೆ ಕಂಡು ಬರೆದಿರುವನು. 1843ನೆಯ ಇಸವಿಯ 5ನೆಯ ಕಾಯಿದೆಯು ಹುಟ್ಟುವ ತನಕ ಸರಕಾರದ ಕೋರ್ಟುಗಳು ಕೂಡ ಒಡೆಯನ ಹಕ್ಕನ್ನು ಮನ್ನಿಸುತ್ತಿದ್ದವು. ಆದ್ದರಿಂದ ಅಂಬರನ ಕಥೆಯನ್ನು ಓದುವಾಗ ಪರದೇಶದ ವಿಚಿತ್ರವನ್ನು ಓದುತ್ತೇವೆಂದು ಎಣಿಸತಕ್ಕದ್ದಲ್ಲ.

ಅಂಬರನು ಸುಮಾರು 1548ರಲ್ಲಿ ಹಬಶಿ ದೇಶದ ದಕ್ಷಿಣ ಭಾಗದಲ್ಲಿ ಹುಟ್ಟಿದನು. ತಾಯಿತಂದೆಗಳು ಆತನಿಗಿಟ್ಟ ಹೆಸರು ಚಾಪು. ಆ ಕಾಲದಲ್ಲಿ ಹಬಶಿ ದೇಶದ ಮಲೆನಾಡನ್ನು ಆಳುತ್ತಿದ್ದವರು ಕ್ರೈಸ್ತ ಅರಸರು. ಸುತ್ತಲಿನ ಕರಾವಳಿಯಲ್ಲಿ ಮುಸಲ್ಮಾನ ವರ್ತಕರು ಪ್ರಬಲರಾಗಿದ್ದರು. ಇಬ್ಬರ ನಡುವೆ ಸಿಕ್ಕಿಕೊಂಡ ಗಡಿನಾಡಿನ ಬಡ ಕುಲಗಳ ಮಕ್ಕಳನ್ನು ಯುದ್ಧದಲ್ಲಿ ಸೆರೆಹಿಡಿದೋ, ಬರಗಾಲದಲ್ಲಿ ಹೆತ್ತವರಿಂದಲೇ ಕೊಂಡೋ, ಸಾಲುಸಾಲಾಗಿ ಕಡಲದಂಡೆಗೆ ನಡೆಸುತ್ತಿದ್ದರು. ಈ ವ್ಯಾಪಾರದಲ್ಲಿ ಕ್ರೈಸ್ತರ ಕೈಯೂ ಮುಸಲ್ಮಾನರ ಕೈಯೂ ಒಂದೇ ಪ್ರಕಾರ ಮಲಿನವಾಗಿದ್ದವು. ಅಲ್ಲಿಯ ಧನಿಕರಿಗೆ ಬೇಕಾಗಿದ್ದದ್ದು ಬಹುಮಟ್ಟಿಗೆ ನಮ್ಮ ದೇಶದ ನೂಲಿನ ಬಟ್ಟೆ. ಅದಕ್ಕೆ ಬದಲಾಗಿ ಅವರು ಕೊಡುತ್ತಿದ್ದ ಪದಾರ್ಥಗಳಲ್ಲಿ ಬಂಗಾರ, ಆನೆಯ ದಂತಗಳೊಡನೆ ಮನುಷ್ಯರೂ ಸೇರಿದ್ದರು. ನಮ್ಮ ನೇಕಾರನು ಮಗ್ಗದ ಮೇಲೆ ನೇಯ್ದ ಬಟ್ಟೆಯ ಗಂಟು ಅಲ್ಲಿ ಒಬ್ಬ ತಾಯಿಯ ಮಗನ ಬೆಲೆಯಾಗುತ್ತಿತ್ತೆಂಬದನ್ನು ಆ ನೇಕಾರನು ಕನಸಿನಲ್ಲಿಯೂ ಅರಿತಿರಲಿಕ್ಕಿಲ್ಲ.

ಚಾಪುವನ್ನು ಕೆಂಪು ಸಮುದ್ರವನ್ನು ದಾಟಿಸಿ ಮೋಖಾ ಎಂಬ ಬಂದರಿನ ಸಂತೆಯಲ್ಲಿ ಮಾರಿದರು. ಆತನ ಕ್ರಯವು 80 ನಾಣ್ಯಗಳಾಗಿತ್ತೆಂದು ಮುಂದೆ ಆತನನ್ನು ಕಂಡು ಮಾತಾಡಿದ ಡಚ್ ವರ್ತಕನೊಬ್ಬನು ಬರೆದಿರುವನು. ರಾಜ್ಯಾಧಿಪತಿಯಾದ ಮೇಲೆಯೂ ತನ್ನ ಬೆಲೆಯ ಮಾತು ಹೀಗೆ ಪರಕೀಯನ ದಿನಚರಿಯನ್ನು ಸೇರುವಷ್ಟು ಬಳಕೆಯಲ್ಲಿ ಉಳಿದಿತ್ತೆಂಬದು ಗಮನಿಸತಕ್ಕ ಸಂಗತಿ.

ಮೋಖಾದಿಂದ ಹುಡುಗನು ಬಗದಾದ ಪಟ್ಟಣಕ್ಕೆ ಹೋದನು. ಅಲ್ಲಿ ಆತನನ್ನು ಕೊಂಡ ವರ್ತಕನು ಹುಡುಗನ ಬುದ್ಧಿಯ ಚುರುಕನ್ನು ಕಂಡು ಓದುಬರಹವನ್ನೂ ಲೆಕ್ಕಪತ್ರಗಳನ್ನೂ ಕಲಿಸಿದನು. ಇಸ್ಲಾಂ ಮತಕ್ಕೆ ಸೇರಿಸಿದನು. ಅಂಬರನೆಂಬ ಹೊಸ ಹೆಸರನ್ನಿಟ್ಟನು. ಕನ್ನಡಿಗರಾದ ನಮಗೆ ಅಂಬರವೆಂದರೆ ಆಕಾಶ, ಇಲ್ಲವೆ ಬಟ್ಟೆ. ಅರಬರ ಭಾಷೆಯಲ್ಲಿ ಅದರ ಅರ್ಥವೇ ಬೇರೆ. ತಿಮಿಂಗಿಲದ ಒಡಲಿನಿಂದ ಹುಟ್ಟಿ ಕಡಲಿನ ಮೇಲೆ ತೇಲಿ ಬರುವ ಒಂದು ಸುಗಂಧ ದ್ರವ್ಯಕ್ಕೆ ಆ ಹೆಸರು. ಆ ಕಾಲದ ಒಡೆಯರು ತಮ್ಮ ದಾಸರಿಗೆ ಮನುಷ್ಯರ ಹೆಸರುಗಳನ್ನಿಡದೆ ಕರ್ಪೂರ, ಮಾಣಿಕ್ಯ, ಅಂಬರ ಮುಂತಾಗಿ ಪೆಟ್ಟಿಗೆಯಲ್ಲಿಡುವ ಬೆಲೆಯುಳ್ಳ ವಸ್ತುಗಳ ಹೆಸರುಗಳನ್ನಿಡುತ್ತಿದ್ದರು. ಕೇಳುವದಕ್ಕೆ ಇಂಪಾದ ಈ ಹೆಸರುಗಳೇ ದಾಸತ್ವದ ಗುರುತುಗಳು. ಹೊಡೆತದ ಬಾಸುಂಡೆಯು ಮಾಯಬಹುದು. ತಾಯಿಯು ಕರೆದ ಹೆಸರನ್ನು ಅಳಿಸಿ ಒಡೆಯನು ಬರೆದ ಹೆಸರು ಸಾಯುವ ತನಕ ಮಾಯಲಿಲ್ಲ.

ಸುಮಾರು 1570ರ ಹೊತ್ತಿಗೆ ಅಂಬರನು ದಕ್ಷಿಣ ಹಿಂದುಸ್ಥಾನಕ್ಕೆ ತರಲ್ಪಟ್ಟು ಅಹಮದನಗರದ ನಿಜಾಮಶಾಹಿ ರಾಜ್ಯದ ಪೇಶವೆಯಾದ ಚಂಗೀಜಖಾನನಿಗೆ ಮಾರಲ್ಪಟ್ಟನು. ಈ ಚಂಗೀಜಖಾನನೂ ಒಂದು ಕಾಲದಲ್ಲಿ ಹಬಶಿ ದಾಸನೇ. ಆತನು ಕೊಂಡಿಟ್ಟುಕೊಂಡಿದ್ದ ಹಬಶಿಗಳು ಸುಮಾರು ಸಾವಿರ ಮಂದಿ. ಅಮೇರಿಕಾ ಖಂಡದ ಕಬ್ಬಿನ ಹೊಲಗಳಲ್ಲಿ ನೊಗಕ್ಕೆ ಕಟ್ಟಿದ ಎತ್ತುಗಳಂತೆ ದುಡಿಸಲ್ಪಟ್ಟ ದಾಸರ ಕಥೆಯನ್ನು ಕೇಳಿದ ನಮ್ಮ ಹುಡುಗಿಯರಿಗೆ ಈ ಮಾತು ಆಶ್ಚರ್ಯವಾಗಿ ತೋರಬಹುದು. ದಕ್ಷಿಣದ ಸುಲ್ತಾನರಿಗೆ ಹೊಲದಲ್ಲಿ ದುಡಿಯುವ ದಾಸರಿಗಿಂತ ಕತ್ತಿ ಹಿಡಿಯುವ ದಾಸರು ಬೇಕಾಗಿದ್ದರು. ಆಸ್ಥಾನದಲ್ಲಿ ದಕ್ಷಿಣಿಗಳೂ, ಇರಾನು ಮೊದಲಾದ ದೇಶಗಳಿಂದ ಬಂದ ಪರದೇಶಿಗಳೂ ಪಕ್ಷ ಕಟ್ಟಿಕೊಂಡು ಹೊಡೆದಾಡುತ್ತಿದ್ದದರಿಂದ, ಯಾರ ನೆಂಟನೂ ಅಲ್ಲದ, ಹಿಂತಿರುಗಿ ಹೋಗುವದಕ್ಕೆ ಮನೆಯೇ ಇಲ್ಲದ ಮನುಷ್ಯನನ್ನು ಕೊಂಡರೆ ಆತನು ಒಡೆಯನೊಬ್ಬನಿಗೇ ನಿಷ್ಠನಾಗಿರುವನೆಂಬದು ಅವರ ಲೆಕ್ಕ. ಇಂಥ ದಾಸನಿಗೆ ಅನ್ನಬಟ್ಟೆಗಳಿಗೆ ಕೊರತೆಯಿರಲಿಲ್ಲ. ಮೇಲಕ್ಕೇರುವ ಮಾರ್ಗವೂ ಇತ್ತು. ಆದರೆ ಈ ಲೆಕ್ಕದ ಒಳಗಿರುವ ಕ್ರೌರ್ಯವನ್ನು ನೋಡಿರಿ. ತಾಯಿತಂದೆ, ಒಡಹುಟ್ಟಿದವರು, ಭಾಷೆ, ಊರು ಇವೆಲ್ಲವನ್ನು ಕಿತ್ತುಕೊಂಡು, ಆ ಬರಿದಾದ ಎದೆಯನ್ನೇ ನಿಷ್ಠೆಯೆಂದು ಕರೆದರು. ಇದು ಚಾವಟಿಯ ಕ್ರೌರ್ಯಕ್ಕಿಂತ ಕಡಿಮೆಯೆಂದು ನಾವು ಹೇಳಲಾರೆವು.

ಅಂಬರನು ಈ ಒಡೆಯನ ಮನೆಯಲ್ಲಿ ರಾಜಕಾರಣವನ್ನೂ ಯುದ್ಧವಿದ್ಯೆಯನ್ನೂ ಕಲಿತನು. ಚಂಗೀಜಖಾನನು ಸುಮಾರು 1575ರಲ್ಲಿ ತೀರಿಕೊಂಡನು. ಆಗ ಆತನ ವಿಧವೆಯು ಅಂಬರನಿಗೆ ಬಿಡುಗಡೆಯನ್ನು ಕೊಟ್ಟಳು. ಚರಿತ್ರೆಯ ಪುಸ್ತಕಗಳಲ್ಲಿ ಈ ಹೆಣ್ಣುಮಗಳು ಗಂಡನ ಹೆಸರಿನಿಂದಲೇ ಕರೆಯಲ್ಪಡುವಳು. ಅವಳ ಕಥೆಗೆ ಸಿಕ್ಕಿದ್ದು ಒಂದೇ ವಾಕ್ಯ. ಗಂಡನ ಆಸ್ತಿಯಲ್ಲಿ ಒಳ್ಳೆಯ ಬೆಲೆ ಬರತಕ್ಕ ಒಬ್ಬ ತರುಣನನ್ನು ಮಾರಿ ಹಣಮಾಡಿಕೊಳ್ಳುವದು ಅವಳಿಗೆ ಕಷ್ಟವಾಗಿದ್ದಿಲ್ಲ. ಹಾಗೆ ಮಾಡದೆ ಬಿಡುಗಡೆ ಕೊಟ್ಟಳು. ದಕ್ಷಿಣದ ಚರಿತ್ರೆಯನ್ನು ತಿರುಗಿಸಿದ ಈ ಕಾರ್ಯವು ಯಾವ ರಣರಂಗದಲ್ಲಿಯೂ ನಡೆಯದೆ ಗಂಡನನ್ನು ಕಳಕೊಂಡ ಮನೆಯೊಂದರ ಒಳಗೆ ನಡೆಯಿತು.

ಇಪ್ಪತ್ತೇಳು ವರ್ಷದ ಅಂಬರನು ಈಗ ಸ್ವತಂತ್ರನು. ಆದರೆ ನೆಲವಿಲ್ಲ, ನೆಂಟರಿಲ್ಲ, ಹಣವಿಲ್ಲ. ಮದುವೆಮಾಡಿಕೊಂಡು, ಕತ್ತಿಯನ್ನು ನಂಬಿ ನಮ್ಮ ಕರ್ನಾಟಕದ ವಿಜಾಪುರಕ್ಕೆ ಬಂದನು. ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಆಗ ಹಬಶಿಗಳ ಪ್ರಾಬಲ್ಯವು ದೊಡ್ಡದಾಗಿತ್ತು. 1580ರಲ್ಲಿ ಒಂಬತ್ತು ವರ್ಷದ ಇಬ್ರಾಹೀಮನು ಸಿಂಹಾಸನವನ್ನೇರಿದಾಗ ಆತನ ಪೋಷಕಿಯಾದ ಚಾಂದಬೀಬಿಯನ್ನು ಒಬ್ಬ ದುಷ್ಟ ಮಂತ್ರಿಯು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಆ ಮಂತ್ರಿಯನ್ನು ಹೊಡೆದೋಡಿಸಿ ಆಕೆಯನ್ನು ಬಿಡಿಸಿ ತಂದವರಲ್ಲಿ ಇಖಲಾಸಖಾನನೆಂಬ ಹಬಶಿ ಸರದಾರನು ಮುಖ್ಯನು. ಅವನ ತರುವಾಯ ದಿಲಾವರಖಾನನೆಂಬ ಬೇರೊಬ್ಬ ಹಬಶಿಯು 1590ರ ವರೆಗೆ ರಾಜ್ಯದ ಸೂತ್ರಗಳನ್ನೆಲ್ಲ ತನ್ನ ಕೈಯಲ್ಲಿಟ್ಟುಕೊಂಡನು. ಇವರ ನೆರಳಿನಲ್ಲಿ ಅಂಬರನು ಸುಮಾರು 20 ವರ್ಷ ವಿಜಾಪುರದ ಚಾಕರಿಯನ್ನು ಮಾಡಿದನು. ಮಲಿಕನೆಂಬ ಬಿರುದೂ ಆತನಿಗೆ ಅಲ್ಲಿಯೇ ದೊರೆಯಿತು. ಮಲಿಕನೆಂದರೆ ಒಡೆಯ. ದಾಸನ ಹೆಸರಿಗೆ ಒಡೆಯನೆಂಬ ಬಿರುದು ಅಂಟಿಕೊಂಡು ಒಂದೇ ಹೆಸರಾದದ್ದು ಹೀಗೆ. ಇಷ್ಟಾದರೂ ತನ್ನ ದಂಡಿನ ಖರ್ಚಿಗೆ ಸಾಲುವಷ್ಟು ಹಣವನ್ನು ವಿಜಾಪುರದ ಸರಕಾರವು ಕೊಡಲೊಲ್ಲದೆ ಹೋದದರಿಂದ ಆತನು ಆ ಸೇವೆಯನ್ನು ಬಿಟ್ಟು, ಸುಮಾರು 150 ಮಂದಿ ಸವಾರರೊಡನೆ 1595ರಲ್ಲಿ ಅಹಮದನಗರಕ್ಕೆ ಹಿಂತಿರುಗಿದನು. ಕೊಂಡ ದಾಸನು ಸಂಬಳ ಸಾಲದೆಂದು ಒಡೆಯನನ್ನು ಬಿಟ್ಟುಹೋಗಲಾರನು, ಸ್ವತಂತ್ರನು ಹೋಗಬಲ್ಲನು. ಬಿಡುಗಡೆಯ ಅರ್ಥವನ್ನು ಅಂಬರನು ಮೊದಲು ಅನುಭವಿಸಿದ್ದು ಹೀಗೆ ಬಾಗಿಲು ದಾಟಿ ಹೊರಟ ದಿನವೆಂದು ನಮಗೆ ತೋರುತ್ತದೆ.

ಆ ವರುಷವೇ ಅಕಬರ ಬಾದಶಹನ ಸೈನ್ಯವು ಅಹಮದನಗರದ ಮೇಲೆ ಬಂದು ಮುತ್ತಿತು. ವಿಜಾಪುರದಿಂದ ತೌರುಮನೆಗೆ ಮರಳಿದ್ದ ಚಾಂದಬೀಬಿಯು ಕೋಟೆಯನ್ನು ಕಾಯ್ದ ರೀತಿಯನ್ನು ನಮ್ಮ ಹುಡುಗಿಯರು ಚರಿತ್ರೆಯ ಪಾಠದಲ್ಲಿ ಓದಿರುವರು. ಮೊಗಲರು ಮದ್ದಿನಿಂದ ಗೋಡೆಯನ್ನು ಹಾರಿಸಿದಾಗ ಆಕೆಯು ತಾನೇ ಆ ಬಿರುಕಿನಲ್ಲಿ ನಿಂತು, ಒಂದೇ ರಾತ್ರಿಯಲ್ಲಿ ಅದನ್ನು ಕಟ್ಟಿಸಿದಳು. ಆದರೆ 1600ರಲ್ಲಿ ಆಕೆಯು ಶತ್ರುಗಳೊಡನೆ ಒಪ್ಪಂದಮಾಡಿಕೊಳ್ಳುತ್ತಾಳೆಂಬ ಸುದ್ದಿಯನ್ನು ನಂಬಿ ಅವಳ ಜನರೇ ಅವಳನ್ನು ಕೊಂದರು. ಕೋಟೆಯು ಮೊಗಲರ ವಶವಾಯಿತು. ಬಾಲ ಸುಲ್ತಾನನು ಸೆರೆಯಾಗಿ ಹೋದನು. ನಿಜಾಮಶಾಹಿಯು ಮುಗಿಯಿತೆಂದು ದಿಲ್ಲಿಯವರು ತಿಳಿದರು.

ಮುಗಿಯಲಿಲ್ಲ. ಕೋಟೆಯು ಹೋದರೂ ಹಳ್ಳಿಗಾಡು ಮೊಗಲರಿಗೆ ಬಾಗಿದ್ದಿಲ್ಲ. ಅಂಬರನ 150 ಸವಾರರ ಸುತ್ತಲೂ ಒಡೆಯರನ್ನು ಕಳಕೊಂಡ ಸಿಪಾಯಿಗಳು ಕೂಡುತ್ತ ಬಂದು ಕೆಲವು ಕಾಲದಲ್ಲಿ ಮೂರು ಸಾವಿರವಾದರು, ಬಳಿಕ ಏಳು ಸಾವಿರವಾದರು. ಆತನು ರಾಜವಂಶದ ಒಬ್ಬ ಹುಡುಗನನ್ನು ಹುಡುಕಿ ತಂದು ಪರಾಂಡೆಯ ಕೋಟೆಯಲ್ಲಿ ಎರಡನೆಯ ಮುರ್ತಜಾ ನಿಜಾಮಶಹನೆಂದು ಪಟ್ಟಕಟ್ಟಿ, ತನ್ನ ಮಗಳನ್ನು ಅವನಿಗೆ ಮದುವೆಮಾಡಿಕೊಟ್ಟನು. ರಾಜು ದಕ್ಷಿಣಿಯೆಂಬ ಪ್ರತಿಸ್ಪರ್ಧಿಯನ್ನು ಕೆಲವು ವರ್ಷಗಳಲ್ಲಿ ಅಡಗಿಸಿದನು. ಮರಾಠರ ಸರದಾರರನ್ನು, ಅವರಲ್ಲಿ ಭೋಸಲೆ ಮನೆತನದವರನ್ನೂ, ತನ್ನ ಕಡೆಗೆ ಒಲಿಸಿಕೊಂಡನು. ದೊಡ್ಡ ತೋಪುಗಳನ್ನೂ ಆನೆಗಳನ್ನೂ ಎಳಕೊಂಡು ಮೆಲ್ಲಗೆ ಬರುವ ಮೊಗಲ ಸೈನ್ಯದ ಎದುರಿಗೆ ನಿಲ್ಲದೆ, ಹಗುರವಾದ ಕುದುರೆಗಳ ಮೇಲೆ ಕಣಿವೆಗಳಲ್ಲಿ ಅಡಗಿ, ಅವರ ಧಾನ್ಯದ ಚೀಲಗಳನ್ನು ಕೊಯ್ದು, ಹುಲ್ಲನ್ನು ಸುಟ್ಟು, ರಾತ್ರಿಯಲ್ಲಿ ಬಿಡಾರವನ್ನು ಕೆಣಕಿ, ಹಸಿವೆಯಿಂದಲೂ ನಿದ್ದೆಗೇಡಿನಿಂದಲೂ ಅವರನ್ನು ಸೋಲಿಸುವ ಯುದ್ಧಕ್ರಮವನ್ನು ಆತನು ಬಹಳ ಚೆನ್ನಾಗಿ ಬೆಳೆಸಿದನು. ಮುಂದೆ ಶಿವಾಜಿ ಮಹಾರಾಜನ ಕಾಲದಲ್ಲಿ ಜಗತ್ಪ್ರಸಿದ್ಧವಾದ ಗನಿಮೀ ಕಾವೆಂಬ ಯುದ್ಧಕ್ಕೆ ಇದು ಹಿಂದಿನ ಪಾಠವಾಯಿತು. 1610ರ ಹೊತ್ತಿಗೆ ಆತನ ಸೈನ್ಯದಲ್ಲಿ 10,000 ಹಬಶಿಗಳೂ 40,000 ದಕ್ಷಿಣಿಗಳೂ ಇದ್ದರೆಂದು ಆ ಕಾಲದ ಇಂಗ್ಲಿಷ್ ವ್ಯಾಪಾರಿಯೊಬ್ಬನು ಬರೆದಿರುವನು.

ಇಲ್ಲಿ ನಾವು ಒಂದು ಕರಾಳವಾದ ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಸತ್ಪುರುಷರ ಚರಿತ್ರೆಯಲ್ಲಿ ಇಂಥದನ್ನು ಮುಚ್ಚುವದು ರೂಢಿಯಾದರೂ ಅದು ಓದುವವರಿಗೆ ಮಾಡುವ ಉಪಕಾರವಲ್ಲ. ಸುಲ್ತಾನ ಮುರ್ತಜಾನಿಗೆ ಅಂಬರನ ಮಗಳಲ್ಲದೆ ಇರಾನೀ ಕುಲದ ಹಿರಿಯ ಹೆಂಡತಿಯೂ ಇದ್ದಳು. ಅವಳು ಒಂದು ದಿನ ಜಗಳದಲ್ಲಿ ಅಂಬರನ ಮಗಳನ್ನು ದಾಸಿಯ ಜಾತಿಯವಳೆಂದು ಹೀಯಾಳಿಸಿದಳೆಂದೂ, ತಂದೆಯನ್ನು ಕುರಿತು ಸಹ ಕೆಟ್ಟ ಮಾತನ್ನಾಡಿದಳೆಂದೂ, ಆ ಮಾತು ಅಂಬರನ ಕಿವಿಗೆ ಬಿದ್ದ ಮೇಲೆ ಸುಲ್ತಾನನೂ ಆ ರಾಣಿಯೂ ವಿಷಪ್ರಯೋಗದಿಂದ ಕೊಲ್ಲಲ್ಪಟ್ಟರೆಂದೂ ಪೀಟರ್ ವಾನ್ ಡೆನ್ ಬ್ರೂಕನೆಂಬ ಡಚ್ ವರ್ತಕನು ಬರೆದಿರುವನು. 1610ರಲ್ಲಿ ಮುರ್ತಜಾನ ಐದು ವರ್ಷದ ಮಗನು ಸಿಂಹಾಸನದ ಮೇಲೆ ಕೂಡ್ರಿಸಲ್ಪಟ್ಟನು. ಕೊಲೆಯು ಕೊಲೆಯೇ, ಅದಕ್ಕೆ ನಾವು ಸಮಾಧಾನ ಹೇಳುವದಿಲ್ಲ. ರಾಜ್ಯಲೋಭವೂ ಇದರಲ್ಲಿ ಇದ್ದೇ ಇತ್ತು. ಆದರೆ ಬಿಡುಗಡೆಯಾಗಿ 35 ವರ್ಷಗಳಾದ ಮೇಲೆ, 50,000 ದಂಡಿನ ಒಡೆಯನಾದ ಮೇಲೆಯೂ, ದಾಸನೆಂಬ ಒಂದು ಶಬ್ದವು ಅಂತಃಪುರದ ಜಗಳದಲ್ಲಿ ಹಾರಿ ಬಂದು ಆತನನ್ನು ಎಲ್ಲಿ ತಾಗಿತೆಂಬದನ್ನು ವಿಚಾರಿಸಿದರೆ, ದಾಸತ್ವವು ಕಾಗದದ ಮೇಲೆ ಮುಗಿದ ದಿನವೇ ಮುಗಿಯುವದಿಲ್ಲವೆಂಬದು ತಿಳಿಯುವದು. ಈ ನಡುವೆ ಆ ಮಗಳ ಅವಸ್ಥೆಯನ್ನು ಯಾರೂ ಕೇಳಲಿಲ್ಲ. ಸವತಿಯಿಂದ ಅವಮಾನ, ತಂದೆಯಿಂದ ವೈಧವ್ಯ. ಸ್ವತಂತ್ರನ ಮಗಳಾಗಿ ಹುಟ್ಟಿಯೂ ಅವಳಿಗೆ ತನ್ನ ಬಾಳಿನ ಮೇಲೆ ಎಷ್ಟು ಅಧಿಕಾರವಿತ್ತು?

ಇನ್ನೊಂದು ಮಾತು. ಅಂಬರನ ದಂಡಿನ ಹಬಶಿಗಳಲ್ಲಿ ಬಹುಮಂದಿ ಆತನಂತೆಯೇ ಸಂತೆಯಲ್ಲಿ ಕೊಂಡು ತರಲ್ಪಟ್ಟ ಹುಡುಗರು. ಅವರನ್ನು ಕೊಂಡವನು ಅಂಬರನೇ. ತಾನು ನಡೆದ ದಾರಿಯ ಮುಳ್ಳುಗಳನ್ನು ಬಲ್ಲವನು ಆ ದಾರಿಯನ್ನು ಮುಚ್ಚಲಿಲ್ಲ. ಅದರಲ್ಲಿ ಬಂದವರಿಗೆ ಶಿಕ್ಷಣವನ್ನೂ ಕುದುರೆಯನ್ನೂ ಕೊಟ್ಟು ಮೇಲೆತ್ತಿದನು, ಅಷ್ಟೇ. ತನ್ನನ್ನು ಕೊಂಡ ಒಡೆಯನ ನೆನಪಿಗೆ ಎರಡನೆಯ ಮಗನಿಗೆ ಚಂಗೀಜಖಾನನೆಂದು ಹೆಸರಿಟ್ಟನು. ಆತನ ಕಾಲದಲ್ಲಿ ದಾಸರ ವ್ಯಾಪಾರವನ್ನೇ ತಪ್ಪೆಂದು ಹೇಳುವ ರಾಜನು ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಇರಲಿಲ್ಲವೆಂದು ಆತನ ಪಕ್ಷದವರು ಹೇಳಬಹುದು. ಆದರೆ ತಾಯಿಯ ಸೆರಗಿನಿಂದ ಎಳೆಯಲ್ಪಟ್ಟವನಿಗೆ ಇದು ತಪ್ಪೆಂದು ತಿಳಿಯುವದಕ್ಕೆ ರಾಜಾಜ್ಞೆಯು ಬೇಕಾಗಿತ್ತೇ?

ಅಕಬರನು 1605ರಲ್ಲಿ ತೀರಿಕೊಂಡ ತರುವಾಯ ಜಹಾಂಗೀರನು ಬಾದಶಹನಾದನು. ಇವನಿಗೆ ಅಂಬರನ ಮೇಲಿದ್ದ ದ್ವೇಷಕ್ಕೆ ಮಿತಿಯಿರಲಿಲ್ಲ. ತನ್ನ ಆತ್ಮವೃತ್ತದಲ್ಲಿ ಅಂಬರನ ಹೆಸರು ಬಂದಲ್ಲೆಲ್ಲ ಬಣ್ಣವನ್ನೂ ಹುಟ್ಟನ್ನೂ ಹಿಡಿದು ಬೈದಲ್ಲದೆ ಮುಂದಕ್ಕೆ ಬರೆಯನು. ಅಷ್ಟರಲ್ಲಿಯೂ ತೃಪ್ತಿಯಾಗದೆ ಅಬುಲ್ ಹಸನನೆಂಬ ಚಿತ್ರಗಾರನಿಂದ ಒಂದು ಚಿತ್ರವನ್ನು ಬರೆಯಿಸಿದನು. ಅದರಲ್ಲಿ ಬಾದಶಹನು ಭೂಗೋಲದ ಮೇಲೆ ನಿಂತು, ಈಟಿಯ ತುದಿಗೆ ಸಿಕ್ಕಿಸಿದ ಅಂಬರನ ತಲೆಗೆ ಬಾಣವನ್ನು ಬಿಡುತ್ತಿರುವನು. ಈ ಚಿತ್ರವು ಈಗ ಐರ್ಲಂಡದ ಡಬ್ಲಿನ್ ನಗರದ ಒಂದು ಸಂಗ್ರಹಾಲಯದಲ್ಲಿದೆ. ಅಂಬರನ ನಿಜವಾದ ತಲೆಯು ಎಂದೂ ಜಹಾಂಗೀರನ ಕೈಗೆ ಸಿಕ್ಕಲಿಲ್ಲ. ಬಣ್ಣದ ತಲೆಯ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕಾಯಿತು. ಖಾನಖಾನಾನನು ಬಂದನು, ಬಾದಶಹನ ಮಗ ಪರವೀಜನು ಬಂದನು, ಖಾನಜಹಾನ ಲೋದಿಯು ಬಂದನು. ಒಬ್ಬರನ್ನೊಬ್ಬರು ದೂರಿಕೊಳ್ಳುತ್ತ ಹಿಂತಿರುಗಿದರು.

ಅಂಬರನು ಸೋಲೇ ಇಲ್ಲದ ಪುರುಷನೆಂದು ಭಾವಿಸಬಾರದು. 1616ರಲ್ಲಿ ಸ್ವಂತ ಸರದಾರರು ಕೆಲವರು ಶತ್ರುಗಳನ್ನು ಕೂಡಿಕೊಂಡದರಿಂದ ರೋಷನಗಾವದ ಯುದ್ಧದಲ್ಲಿ ದೊಡ್ಡ ಸೋಲನ್ನು ಹೊಂದಿದನು. ಮೊಗಲರು ಖಡಕಿಯ ವರೆಗೆ ನುಗ್ಗಿ ಆತನ ಹೊಸ ಪಟ್ಟಣವನ್ನು ಸುಟ್ಟರು. ಮರುವರ್ಷ ರಾಜಪುತ್ರ ಖುರ್ರಮನು ಬಂದಾಗ ಅಹಮದನಗರದ ಕೋಟೆಯನ್ನು ಬಿಟ್ಟುಕೊಟ್ಟು ಸಂಧಿ ಮಾಡಿಕೊಳ್ಳಬೇಕಾಯಿತು. ಮೂರು ವರ್ಷಗಳೊಳಗೆ ಪುನಃ ಕುದುರೆಯನ್ನೇರಿದನು. ಮೇಲೆ ಹೇಳಿದ ಡಚ್ ವರ್ತಕನು ಆತನನ್ನು ಕಂಡದ್ದು 1617ರಲ್ಲಿ. ಎಪ್ಪತ್ತರ ಸಮೀಪಕ್ಕೆ ಬಂದ ಆ ಎತ್ತರವಾದ ಮುದುಕನ ಕಠಿಣವಾದ ಮೋರೆಯನ್ನೂ, ಆತನ ರಾಜ್ಯದಲ್ಲಿ ಕಳ್ಳಕಾಕರ ಭಯವಿಲ್ಲದ ರಸ್ತೆಗಳನ್ನೂ ನೋಡಿ ಆ ಪರದೇಶಿಯು ಆಶ್ಚರ್ಯಪಟ್ಟನು.

ಖಡಕಿಯೆಂಬ ಹಳ್ಳಿಯನ್ನು 1610ರಲ್ಲಿ ಪಟ್ಟಣವನ್ನಾಗಿ ಕಟ್ಟಿಸಿದವನು ಅಂಬರನೇ. ಬಂಡೆಗಲ್ಲಿನ ಒಣ ಸೀಮೆಯಾದ ಅಲ್ಲಿ ಬಾವಿ ತೋಡಿದರೆ ಸಾಲುವಷ್ಟು ನೀರು ಬಾರದು. ನಮ್ಮ ಕರಾವಳಿಯಲ್ಲಿ ಮಳೆಯ ನೀರು ಹರಿದು ಸಮುದ್ರವನ್ನು ಸೇರುವದನ್ನೇ ನೋಡುತ್ತ ಬೆಳೆದವರಿಗೆ ಆ ಕಷ್ಟವು ಊಹೆಗೂ ಬಾರದು. ಅಂಬರನು ಪಟ್ಟಣದ ಉತ್ತರಕ್ಕಿರುವ ಗುಡ್ಡಗಳ ಬುಡದಲ್ಲಿ ಇಂಗಿದ ನೀರನ್ನು ನೆಲದ ಒಳಗೆ ತೋಡಿದ ಸುರಂಗ ಕಾಲುವೆಗಳಲ್ಲಿ ಕೂಡಿಸಿ, ಇಳಿಜಾರಿನ ಲೆಕ್ಕವನ್ನು ತಪ್ಪದೆ ಹಿಡಿದು, ಎತ್ತುಗಳಿಲ್ಲದೆ ಯಂತ್ರಗಳಿಲ್ಲದೆ ನೀರು ತಾನಾಗಿಯೇ ಊರೊಳಗೆ ಬರುವಂತೆ ಮಾಡಿದನು. ಅಲ್ಲಲ್ಲಿ ಗಾಳಿಯಾಡುವದಕ್ಕೂ ಹೂಳು ತೆಗೆಯುವದಕ್ಕೂ ಮನುಷ್ಯನು ಇಳಿಯುವಷ್ಟು ಅಗಲದ ಕಂಡಿಗಳನ್ನಿರಿಸಿದನು. ವಿಜಾಪುರಕ್ಕೂ ತೊರವಿಯ ಕಡೆಯಿಂದ ಸುರಂಗದ ದಾರಿಯಲ್ಲಿ ನೀರು ಬರುತ್ತಿತ್ತು. ಬೀದರಿನಲ್ಲಿಯೂ ಇಂಥ ಸುರಂಗಗಳನ್ನು ಈಗಲೂ ನೋಡಬಹುದು. ನಹರೆ ಅಂಬರಿಯೆಂದು ಕರೆಯಲ್ಪಡುವ ಈ ಕಾಲುವೆಯು ಮೊಗಲರು ಬಂದು ಹೋದ ಮೇಲೆಯೂ, ನಿಜಾಮರ ಆಳಿಕೆಯಲ್ಲಿಯೂ, ಪಟ್ಟಣದ ಮನೆಗಳ ಹೆಂಗಸರ ಕೊಡಗಳನ್ನು ತುಂಬುತ್ತಿತ್ತು. ಆತನ ಯುದ್ಧಗಳಿಗಿಂತ ಇದನ್ನು ನಾವು ಹೆಚ್ಚೆಂದು ಎಣಿಸುವೆವು.

ರೈತರ ವಿಷಯದಲ್ಲಿಯೂ ಆತನು ದೂರದೃಷ್ಟಿಯುಳ್ಳವನಾಗಿದ್ದನು. ಕಂದಾಯವನ್ನು ಹರಾಜಿನಲ್ಲಿ ಗುತ್ತಿಗೆ ಹಿಡಿದವರು ರೈತನನ್ನು ಸುಲಿಯುವ ಪದ್ಧತಿಯನ್ನು ತೆಗೆದುಹಾಕಿ, ಭೂಮಿಯನ್ನು ಅದರ ಸಾರಕ್ಕೆ ತಕ್ಕಂತೆ ತರಗತಿಗಳಾಗಿ ವಿಂಗಡಿಸಿ, ನಿಜವಾಗಿ ಬೆಳೆದ ಬೆಳೆಯನ್ನು ನೋಡಿ ಸರಕಾರದ ಪಾಲನ್ನು ಗೊತ್ತುಮಾಡಿಸಿದನು. ಲೆಕ್ಕದ ಕೆಲಸವನ್ನು ಬಹುಮಟ್ಟಿಗೆ ಬ್ರಾಹ್ಮಣ ಅಧಿಕಾರಿಗಳಿಗೆ ಒಪ್ಪಿಸಿದನು. ಬ್ರಿಟಿಷರ ಕಾಲದ ತನಕ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅಂಬರನ ಧಾರೆಯೆಂದರೆ ನ್ಯಾಯವಾದ ತೀರ್ವೆಯೆಂದೇ ಜನರು ನೆನೆಯುತ್ತಿದ್ದರು.

1624ರಲ್ಲಿ ಆತನ ಜೀವಮಾನದ ದೊಡ್ಡ ಪರೀಕ್ಷೆಯು ಬಂತು. ಮೊಗಲರೂ ವಿಜಾಪುರದವರೂ ಒಟ್ಟುಗೂಡಿ ಆತನ ಮೇಲೆ ದಂಡೆತ್ತಿದರು. ಒಂದು ಕಾಲಕ್ಕೆ ತಾನು ಚಾಕರಿ ಮಾಡಿದ ವಿಜಾಪುರವು ಈಗ ಶತ್ರುವಾಯಿತು. 76 ವರ್ಷದ ಮುದುಕನು ಅಹಮದನಗರದ ಹತ್ತಿರದ ಭಾತವಡಿಯಲ್ಲಿ ಬಿಡಾರಮಾಡಿ, ಅಲ್ಲಿಯ ಕೆರೆಯ ಕಟ್ಟೆಯನ್ನು ಒಡೆಯಿಸಿ ಶತ್ರುಗಳ ಮಾರ್ಗವನ್ನೆಲ್ಲ ಕೆಸರುಮಾಡಿದನು. ಮಳೆಯಲ್ಲಿಯೂ ಹಸಿವೆಯಲ್ಲಿಯೂ ಕಂಗೆಟ್ಟ ಆ ಸೈನ್ಯದ ಮೇಲೆ ಬಿದ್ದು ಅದನ್ನು ಪೂರ್ಣವಾಗಿ ಮುರಿದನು. ಶಿವಾಜಿಯ ತಂದೆಯಾದ ಶಹಾಜಿಯು ಈ ಯುದ್ಧದಲ್ಲಿ ಅಂಬರನ ಪಕ್ಷದಲ್ಲಿ ಹೋರಾಡಿ ಪ್ರಖ್ಯಾತನಾದನು. ಆತನ ತಮ್ಮನಾದ ಶರೀಫಜಿಯು ಅಲ್ಲಿಯೇ ಮಡಿದನು. ಬಳಿಕ ಅಂಬರನು ವಿಜಾಪುರದ ತನಕ ನುಗ್ಗಿ, ಇಬ್ರಾಹೀಮ ಸುಲ್ತಾನನು ಸಂಗೀತಕ್ಕೂ ಸಾಹಿತ್ಯಕ್ಕೂ ಮನೆಯಾಗಲೆಂದು 1599ರಿಂದ ಕಟ್ಟಿಸುತ್ತಿದ್ದ ನವರಸಪುರವನ್ನು ಹಾಳುಮಾಡಿದನು. ಆ ಸುಂದರ ನಗರವು ಮತ್ತೆ ತಲೆಯೆತ್ತಲಿಲ್ಲ. ಖಡಕಿಯು ಸುಡಲ್ಪಟ್ಟಾಗ ಅತ್ತವನು ಮತ್ತೊಬ್ಬರ ಪಟ್ಟಣವನ್ನು ಸುಡುವಾಗ ಕೈ ಹಿಂದೆಗೆಯಲಿಲ್ಲವೆಂಬದನ್ನು ಕನ್ನಡಿಗರಾದ ನಾವು ದುಃಖದಿಂದ ಬರೆಯಬೇಕಾಗಿದೆ.

1626ರ ಮೇ ತಿಂಗಳಲ್ಲಿ ಮಲಿಕ ಅಂಬರನು ಮರಣಹೊಂದಿದನು. ಮೊಗಲ ಆಸ್ಥಾನದ ಚರಿತ್ರಕಾರನಾದ ಮುತಮದಖಾನನು ಆಗ ತನ್ನ ಒಡೆಯನ ಬೈಗುಳಗಳನ್ನು ಬದಿಗಿಟ್ಟು, ಯುದ್ಧದಲ್ಲಿಯೂ ಆಡಳಿತದಲ್ಲಿಯೂ ಈತನಿಗೆ ಸಮಾನರಿಲ್ಲವೆಂದೂ, ಕೊನೆಯ ತನಕ ಮಾನದಿಂದ ಬಾಳಿದನೆಂದೂ, ಇಂಥ ಪದವಿಗೇರಿದ ಹಬಶಿ ದಾಸನು ಇನ್ನೊಬ್ಬನಿಲ್ಲವೆಂದೂ ಬರೆದನು. ಹೊಗಳಿಕೆಯ ನಡುವೆಯೂ ದಾಸನೆಂಬ ಶಬ್ದವು ಬಿಡಲಿಲ್ಲ.

ಹಿರಿಯ ಮಗನಾದ ಫತೇಖಾನನಿಗೆ ತಂದೆಯ ಬುದ್ಧಿಯೂ ಇರಲಿಲ್ಲ, ಸ್ಥೈರ್ಯವೂ ಇರಲಿಲ್ಲ. 1633ರಲ್ಲಿ ದೌಲತಾಬಾದದ ಕೋಟೆಯನ್ನು ಮೊಗಲರಿಗೆ ಒಪ್ಪಿಸಿದನು. 1636ರಲ್ಲಿ ನಿಜಾಮಶಾಹಿಯು ಅಳಿದು ಹೋಯಿತು. ಶಹಾಜಿಯು ವಿಜಾಪುರದ ಸೇವೆಯನ್ನು ಸೇರಿ, ನಮ್ಮ ಬೆಂಗಳೂರನ್ನು ಜಹಗೀರಾಗಿ ಪಡೆದು, 1664ರಲ್ಲಿ ಚನ್ನಗಿರಿಯ ಸಮೀಪದ ಹೊದಿಗೆರೆಯಲ್ಲಿ ತೀರಿಕೊಂಡನು. ಖಡಕಿಯನ್ನು ಫತೇಖಾನನು ಫತೇನಗರವೆಂದು ಕರೆದನು. ಜಹಾಂಗೀರನ ಮೊಮ್ಮಗನಾದ ಔರಂಗಜೇಬನು 1653ರಲ್ಲಿ ಅದನ್ನು ಔರಂಗಾಬಾದವೆಂದು ಕರೆದನು. 2023ರಲ್ಲಿ ಅದಕ್ಕೆ ಛತ್ರಪತಿ ಸಂಭಾಜಿನಗರವೆಂಬ ಹೆಸರಾಯಿತು.

ಅಂಬರನ ಗೋರಿಯು ಆ ನಗರದಿಂದ ಕೆಲವು ಹರದಾರಿ ದೂರದಲ್ಲಿರುವ ಖುಲದಾಬಾದದಲ್ಲಿದೆ. ಗುಮ್ಮಟವುಳ್ಳ ಕಲ್ಲಿನ ಕಟ್ಟಡವನ್ನು ಆತನೇ ಬದುಕಿರುವಾಗ ಕಟ್ಟಿಸಿಕೊಂಡಿದ್ದನು. ಸಮೀಪದಲ್ಲಿ ಆತನ ಹೆಂಡತಿಯಾದ ಬೀಬಿ ಕರೀಮಾಳ ಗೋರಿಯೂ ಇದೆ. 1707ರಲ್ಲಿ ತೀರಿಕೊಂಡ ಔರಂಗಜೇಬನ ಗೋರಿಯೂ ಅದೇ ಊರಿನಲ್ಲಿದೆ. ಅದರ ಮೇಲೆ ಗುಮ್ಮಟವಿಲ್ಲ.